ಕಡಿಮೆಯಾದ ಮೈಯೂ ಮುಚ್ಚಿಟ್ಟ ಮಾತೂ

ಮೂರು ವರ್ಷಗಳ ಕೆಳಗೆ ಇದೇ ಪುಟಗಳಲ್ಲಿ ನಾವು ಒಂದು ಅಸತ್ಯವನ್ನು ಬರೆದಿದ್ದೆವು. ತಿಳಿದು ಬರೆದುದಲ್ಲ, ಆದರೂ ಅಸತ್ಯವು ಅಸತ್ಯವೇ ಸರಿ. ನಮ್ಮ ತಂಗಿಯ ಮಗಳು, ಬಹಳ ಸ್ಥೂಲಳಾಗಿದ್ದವಳು, ನಾವು ಹೇಳಿಕೊಟ್ಟ ಪಥ್ಯವನ್ನು ನಡೆಸಿ ಒಂದು ವರ್ಷದೊಳಗೆ 40 ಕಿಲೋಗ್ರಾಮಿನಷ್ಟು ಇಳಿದಳೆಂದೂ, ಹುರುಳಿಯ ಸಾರು, ಬೆಳಗಿನ ನಡಿಗೆ, ರಾತ್ರಿಯ ಲಂಘನ ಇವು ಮೂರೇ ಅದಕ್ಕೆ ಕಾರಣವೆಂದೂ, ಚರಕಸಂಹಿತೆಯ ಅಷ್ಟೌನಿಂದಿತೀಯಾಧ್ಯಾಯವನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯಪಡತಕ್ಕುದೇನೂ ಇಲ್ಲವೆಂದೂ ಬರೆದಿದ್ದೆವು. ಬರೆಯುವಾಗ ಹೆಮ್ಮೆಯೂ ಇಲ್ಲದಿರಲಿಲ್ಲ. ಅದನ್ನೋದಿದ ಸೋದರಿಯರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಿಂದಲೂ ನಮಗೆ ಕಾಗದಗಳನ್ನು ಬರೆದರು; ಹುರುಳಿಯನ್ನು ನೆನೆಹಾಕಬೇಕೇ ಹುರಿಯಬೇಕೇ ಎಂದು ಕೇಳಿದರು. ನಾವು ಎಲ್ಲರಿಗೂ ಉತ್ತರವನ್ನು ಬರೆದೆವು.

ಆ ಹುಡುಗಿಯು ಇಳಿದುದು ನಮ್ಮ ಹುರುಳಿಯಿಂದಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಜಠರವನ್ನು ಕಿರಿದುಮಾಡಿ ಕರುಳನ್ನು ಬೇರೆ ದಾರಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಆಕೆಯು ಮಾಡಿಸಿಕೊಂಡಿದ್ದಳು. ಅದು ನಮಗೆ ಗೊತ್ತಾದದ್ದು ಕಳೆದ ಶ್ರಾವಣಮಾಸದಲ್ಲಿ, ಒಂದು ರಾತ್ರಿ ಮೂರು ಗಂಟೆಯ ಹೊತ್ತಿಗೆ. ಅದನ್ನು ಬರೆಯುವುದಕ್ಕೆ ಆಕೆಯ ಅನುಮತಿಯನ್ನು ಪಡೆದಿದ್ದೇವೆ. “ನನ್ನ ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಬರೆಯಿರಿ ಮಾವ, ನಿಮ್ಮ ಹುರುಳಿಯ ವಿಷಯವನ್ನು ಮಾತ್ರ ಬಿಡಬೇಡಿ” ಎಂದು ಹೇಳಿದ್ದಾಳೆ.

ನಾವು ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ಅರವತ್ತು ತುಂಬಿದುದಕ್ಕಾಗಿ ಮಕ್ಕಳು ಶೃಂಗೇರಿಯಲ್ಲಿ ಶಾಂತಿಯನ್ನು ಮಾಡಿಸಿದರು. ತಂಗಿಯು ನರಸಿಂಹರಾಜಪುರದ, ಎಂದರೆ ಹಿರಿಯರ ಬಾಯಲ್ಲಿ ಇನ್ನೂ ಎಡೇಹಳ್ಳಿಯೇ ಆಗಿರುವ ಊರಿನ, ಕಡೆಯಿಂದ ಬಂದಳು. ಆಕೆಯ ಮಗಳೂ ಅಳಿಯನೂ ಬೆಂಗಳೂರಿನಿಂದ ಬಂದರು. ಕಾರ್ಯವು ಮುಗಿದು ಸಂಜೆಗೆ ನಾವೆಲ್ಲರೂ ಕೊಪ್ಪದ ನಮ್ಮ ಮನೆಗೆ ಹಿಂದಿರುಗಿದೆವು. ಅಳಿಯನು ರಜೆಯಿಲ್ಲವೆಂದು ರಾತ್ರಿಯ ಬಸ್ಸಿಗೆ ಹೊರಟುಹೋದನು. ಮಳೆಯು ಮಲೆನಾಡಿನ ಶ್ರಾವಣದ ಮಳೆ. ವಿದ್ಯುತ್ತು ಮಧ್ಯಾಹ್ನದಿಂದಲೇ ಇರಲಿಲ್ಲ.

ಒಂಬತ್ತು ಗಂಟೆಯ ಹೊತ್ತಿಗೆ ಹುಡುಗಿಯು ಹೊಟ್ಟೆನೋವೆಂದು ಮಲಗಿದಳು. ಮನೆಯಲ್ಲಿ ಇಪ್ಪತ್ತು ಜನ ನೆಂಟರು. ಸಮಾರಂಭದ ಊಟವಾದ ಮೇಲೆ ಹೊಟ್ಟೆನೋವು ಬರುವುದು ಯಾರಿಗೆ ಹೊಸತು? ಒಬ್ಬರು ಓಮದ ನೀರು ಕೊಟ್ಟರು, ಒಬ್ಬರು ಇಂಗನ್ನು ಮಜ್ಜಿಗೆಯಲ್ಲಿ ಕದಡಿ ಕೊಟ್ಟರು. ನಾವು ಹಿರಿಯರೆಂಬ ಅಧಿಕಾರದಿಂದ ಜೀರಿಗೆಯ ಕಷಾಯವನ್ನು ವಿಧಿಸಿ, ಬೆಳಗಾಗುವವರೆಗೆ ನೋಡೋಣವೆಂದು ಹೇಳಿದೆವು. ಈ ಕೊನೆಯ ಮಾತನ್ನು ನಾವು ಹೇಳಿದೆವೆಂಬುದನ್ನು ಮರೆಯುವುದು ನಮ್ಮಿಂದ ಈಗಲೂ ಆಗುತ್ತಿಲ್ಲ. ನೋವು ಅಲೆಯಲೆಯಾಗಿ ಬಂದು ಹೋಗುತ್ತಿದ್ದಿತು. ಬಂದಾಗ ಆಕೆಯು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಬೆನ್ನಿಗೂ ಚುಚ್ಚುತ್ತದೆಯೆನ್ನುವಳು. ಹೋದಾಗ ಎಲ್ಲವೂ ಸರಿಯಾಯಿತೆನ್ನುವಳು. ವಾಂತಿಯಾಗಲಿಲ್ಲ, ಜ್ವರವಿರಲಿಲ್ಲ, ಕೈಯಿಂದ ಒತ್ತಿದರೆ ಹೊಟ್ಟೆಯು ಮೆತ್ತಗೆಯೇ ಇದ್ದಿತು.

ಹನ್ನೊಂದು ಗಂಟೆಗೆ ನಮ್ಮ ಹಳೆಯ ಶಿಷ್ಯರಾದ ಒಬ್ಬ ವೈದ್ಯರು ಮಳೆಯಲ್ಲಿಯೇ ಬಂದರು. ಅವರು ಕೇಳಿದ ಮೊದಲನೆಯ ಪ್ರಶ್ನೆಯೇ ಇದು: “ಹೊಟ್ಟೆಗೆ ಹಿಂದೆ ಎಂದಾದರೂ ಆಪರೇಷನ್ ಆಗಿದೆಯೇ ಅಮ್ಮ?” ಹುಡುಗಿಯು ನೋವಿನಲ್ಲಿ ಕಣ್ಣು ಮುಚ್ಚಿದ್ದಳು. ಬಾಗಿಲಲ್ಲಿ ನಾಲ್ಕು ಜನ ನೆಂಟರು ನಿಂತಿದ್ದರು; ಅವರಲ್ಲಿ ಹುಡುಗಿಯ ಅತ್ತೆಯ ಕಡೆಯವರೊಬ್ಬರು. ನಮ್ಮ ತಂಗಿಯು, “ಇಲ್ಲಪ್ಪ, ಏನೂ ಆಗಿಲ್ಲ” ಎಂದಳು. ಈ ತರದ ಶಸ್ತ್ರಚಿಕಿತ್ಸೆಯನ್ನು ದುರ್ಬೀನಿನಿಂದ ಮಾಡುವುದರಿಂದ ಹೊಟ್ಟೆಯ ಮೇಲೆ ಉಳಿಯುವುದು ಬೆರಳುಗುರಿನಷ್ಟಗಲದ ನಾಲ್ಕೈದು ಕಲೆಗಳು ಮಾತ್ರ. ಮೂರು ವರ್ಷಗಳಲ್ಲಿ ಅವು ಮಾಸಿರುತ್ತವೆ. ಅದರ ಮೇಲೆ ಟಾರ್ಚಿನ ಬೆಳಕು. ವೈದ್ಯರು ಸೂಜಿಯೊಂದನ್ನು ಕೊಟ್ಟು, ನೋವು ಮತ್ತೆ ಬಂದರೆ ತಡಮಾಡದೆ ಕರೆಯಿರೆಂದು ಹೇಳಿ ಹೋದರು.

ಮೂರು ಗಂಟೆಗೆ ನಾವು ಆಕೆಯ ಹತ್ತಿರ ಒಬ್ಬರೇ ಕುಳಿತಿದ್ದೆವು. ಆಕೆಯು ನಮ್ಮ ಕೈಯನ್ನು ಹಿಡಿದುಕೊಂಡು, “ಮಾವ, ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ” ಎಂದು ಆರಂಭಿಸಿ ಎಲ್ಲವನ್ನೂ ಹೇಳಿದಳು. ಮೂರು ವರ್ಷಗಳಿಂದ ಆ ಮಾತನ್ನು ಹೇಳದೆ ಇದ್ದುದಕ್ಕೆ ಕಾರಣವು ನೆಂಟರಲ್ಲ, ಅತ್ತೆಯ ಕಡೆಯವರಲ್ಲ; ನಾವೇ. ಸ್ಥೂಲತೆಯೆಂಬುದು ಆಲಸ್ಯದ ಫಲವೆಂದು ನಾವು ಆಕೆಯ ಹನ್ನೆರಡನೆಯ ವಯಸ್ಸಿನಿಂದ ಉಪದೇಶಿಸುತ್ತ ಬಂದಿದ್ದೆವು.

ವೈದ್ಯರಿಗೆ ಫೋನು ಮಾಡುವ ಹೊತ್ತಿಗೆ ಸಂಪರ್ಕವೇ ಇರಲಿಲ್ಲ. ಮಗನು ಕೊಡೆಯನ್ನೂ ಹಿಡಿಯದೆ ಓಡಿದನು. ಅವರು ಬಂದು, ಬಾಗಿಲಲ್ಲಿ ನಿಂತಹಾಗೆಯೇ ವಿಷಯವನ್ನು ಕೇಳಿ, “ಮೇಷ್ಟ್ರೇ, ಇವರನ್ನು ಇಲ್ಲಿ ಒಂದು ನಿಮಿಷವೂ ಇಟ್ಟುಕೊಳ್ಳಬೇಡಿ” ಎಂದರು.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ, ಆ ವೈದ್ಯರು ಅಷ್ಟು ಗಾಬರಿಗೊಂಡುದೇಕೆಂಬುದನ್ನು ಹೇಳಬೇಕಾಗಿದೆ. ಇದನ್ನು ನಾವು ಆಮೇಲೆ ಅವರಿಂದಲೂ, ಶಸ್ತ್ರವೈದ್ಯರಿಂದಲೂ, ಪುಸ್ತಕಗಳಿಂದಲೂ ಕಲಿತುಕೊಂಡೆವು. ಅರವತ್ತರಲ್ಲಿ ವಿದ್ಯಾರ್ಥಿಯಾಗುವುದು ಸುಖವೇ. ಆದರೆ ಇದರ ಶುಲ್ಕವು ಬಹಳ ಹೆಚ್ಚಿನದಾಗಿದ್ದಿತು.

ಬೊಜ್ಜಿಗಾಗಿ ಮಾಡುವ ಈ ಶಸ್ತ್ರಕ್ರಿಯೆಗಳಿಗೆ ಬೇರಿಯಾಟ್ರಿಕ್ ಶಸ್ತ್ರಕ್ರಿಯೆಗಳೆಂದು ಹೆಸರು. ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಸೌಂದರ್ಯಚಿಕಿತ್ಸೆಯೊಂದುಂಟು, ಇದು ಅದಲ್ಲ. 2022ನೆಯ ಇಸವಿಯ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಎಳೆಯ ನಟಿಯೊಬ್ಬಳು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡಾಗ ನಮ್ಮ ಕಡೆಯ ಜನ ಎರಡನ್ನೂ ಒಂದೇ ಎಂದು ತಿಳಿದು ಮಾತನಾಡಿದರು. ಬೇರಿಯಾಟ್ರಿಕ್ ಕ್ರಿಯೆಯಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ. ಅನ್ನದ ದಾರಿಯನ್ನು ಬದಲಿಸುತ್ತಾರೆ. ಅಮೆರಿಕದ ಅಯೋವಾ ಪ್ರಾಂತದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು, ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ಮತ್ತೆ ಮೈ ತುಂಬಿಕೊಳ್ಳದಿರುವುದನ್ನು ಗಮನಿಸಿ, 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸನ್ನು ಆರಂಭಿಸಿದರು. ಈಗ ಹೆಚ್ಚಾಗಿ ಮಾಡುವವು ಎರಡು. ಒಂದರಲ್ಲಿ ಜಠರದ ಮುಕ್ಕಾಲು ಪಾಲನ್ನು ಉದ್ದಕ್ಕೆ ಕತ್ತರಿಸಿ ತೆಗೆದು ಉಳಿದುದನ್ನು ತೋಳಿನಂತೆ ಮಾಡುತ್ತಾರೆ, ಅದು ಸ್ಲೀವ್. ಇನ್ನೊಂದು ಬೈಪಾಸ್, ನಮ್ಮ ಹುಡುಗಿಗೆ ಆದುದು. ಇದರಲ್ಲಿ ಜಠರದ ಮೇಲ್ತುದಿಯಲ್ಲಿ ಎರಡು ಚಮಚ ಗಂಜಿ ಹಿಡಿಯುವಷ್ಟು ಸಣ್ಣ ಚೀಲವನ್ನು ಮಾತ್ರ ಬೇರ್ಪಡಿಸಿ, ಸಣ್ಣಕರುಳನ್ನು ತುಂಡುಮಾಡಿ ಅದರ ಕೆಳಗಿನ ತುಂಡನ್ನು ಎತ್ತಿತಂದು ಆ ಚೀಲಕ್ಕೆ ಹೊಲಿಯುತ್ತಾರೆ. ಪಿತ್ತರಸವನ್ನು ತರುವ ಮೇಲಿನ ತುಂಡನ್ನು ಕೆಳಗೆ ಬೇರೊಂದು ಕಡೆ ಕೂಡಿಸುತ್ತಾರೆ. ಈ ಕವಲಿನ ಜೋಡಣೆಯು ಸ್ವಿಟ್ಜರ್ಲೆಂಡಿನ ಸೀಸರ್ ರೂ ಎಂಬವರದು, ಹತ್ತೊಂಬತ್ತನೆಯ ಶತಮಾನದ ಕೊನೆಯದು.

ಸಣ್ಣಕರುಳು ಹೊಟ್ಟೆಯೊಳಗೆ ಸುಮ್ಮನೆ ಬಿದ್ದಿರುವುದಿಲ್ಲ. ಬೀಸಣಿಗೆಯಂಥ ಒಂದು ಪೊರೆಯು ಅದನ್ನು ಬೆನ್ನಿನ ಕಡೆಗೆ ಹಿಡಿದುಕೊಂಡಿರುತ್ತದೆ. ರಕ್ತನಾಳಗಳು ಆ ಪೊರೆಯಲ್ಲಿಯೇ ಹರಿಯುತ್ತವೆ. ಕರುಳನ್ನು ತುಂಡುಮಾಡಿ ಮೇಲಕ್ಕೆತ್ತಿ ಹೊಲಿದಾಗ ಆ ಪೊರೆಯಲ್ಲಿಯೂ ಅದರ ಹಿಂದೆಯೂ ಸಂದುಗಳುಂಟಾಗುತ್ತವೆ. ಮೇಲಕ್ಕೆತ್ತಿದ ಕರುಳಿನ ಹಿಂದುಗಡೆಯ ಸಂದಿಗೆ ಪೀಟರ್ಸನ್ನನ ಸಂದು ಎಂದು ಹೆಸರು. ವಾಲ್ತರ್ ಪೀಟರ್ಸನ್ ಎಂಬ ಜರ್ಮನ್ ಶಸ್ತ್ರವೈದ್ಯನು, ಬೊಜ್ಜಿನ ಶಸ್ತ್ರಕ್ರಿಯೆಯ ಯೋಚನೆಯೇ ಯಾರಿಗೂ ಇಲ್ಲದಿದ್ದ 1900ರಲ್ಲಿ, ಬೇರೆ ಜಠರಶಸ್ತ್ರಕ್ರಿಯೆಗಳಾದವರಲ್ಲಿ ಕರುಳು ಅದರೊಳಗೆ ನುಸುಳಿಕೊಳ್ಳುವುದನ್ನು ವರ್ಣಿಸಿದ್ದನು. ಶಸ್ತ್ರಕ್ರಿಯೆಯ ದಿವಸ ಆ ಸಂದು ಕಿರಿದಾಗಿರುತ್ತದೆ, ಪೊರೆಯಲ್ಲಿ ತುಂಬಿದ ಕೊಬ್ಬು ಅದನ್ನು ಒತ್ತಿಕೊಂಡಿರುತ್ತದೆ. ಹಸಿಯ ಸೌದೆಯನ್ನು ಬಳ್ಳಿಯಿಂದ ಬಿಗಿದು ಅಟ್ಟಕ್ಕೆ ಹಾಕಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ; ಸೌದೆಯು ಒಣಗಿದ ಹಾಗೆಲ್ಲ ಬಳ್ಳಿಯು ಸಡಿಲವಾಗುತ್ತದೆ, ನಡುವೆ ಕೈ ತೂರುವಷ್ಟು ಎಡೆಯಾಗುತ್ತದೆ. ಮೈ ಇಳಿಯುವಾಗ ಕರುಳಪೊರೆಯ ಕೊಬ್ಬೂ ಇಳಿಯುತ್ತದೆ. ಚಿಕಿತ್ಸೆಯು ಫಲಿಸಿದಷ್ಟೂ ಸಂದು ಅಗಲವಾಗುವುದು. ಇದೇ ಇದರಲ್ಲಿರುವ ವೈಪರೀತ್ಯ. ಆದುದರಿಂದ ತಿಂಗಳುಗಳು ಕಳೆದ ಮೇಲೆ, ವರ್ಷಗಳು ಕಳೆದ ಮೇಲೆ, ಎಲ್ಲರೂ ಮರೆತಿರುವಾಗ ಕರುಳು ಅದರೊಳಗೆ ನುಸುಳಿ ತಿರುಚಿಕೊಳ್ಳುತ್ತದೆ. ಕೆಲವು ಸಲ ತಾನಾಗಿಯೇ ಹೊರಬರುತ್ತದೆ, ನೋವು ನಿಲ್ಲುತ್ತದೆ. ಹೊರಬಾರದಿದ್ದರೆ ರಕ್ತದ ಓಟವು ನಿಂತು ಗಂಟೆಗಳೊಳಗೆ ಕರುಳು ಸಾಯುತ್ತದೆ.

ಇದು ಎಲ್ಲರಿಗೂ ಆಗುವುದಲ್ಲ. ಸ್ವೀಡನ್ ದೇಶದ 12 ಆಸ್ಪತ್ರೆಗಳಲ್ಲಿ 2507 ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಸಂದುಗಳನ್ನು ಹೊಲಿಯದೆ ಬಿಟ್ಟವರಲ್ಲಿ ಮೂರು ವರ್ಷಗಳೊಳಗೆ ಕರುಳಿನ ತಡೆಗಾಗಿ ಮತ್ತೆ ಶಸ್ತ್ರಕ್ರಿಯೆ ಬೇಕಾದವರು ನೂರಕ್ಕೆ ಹತ್ತು, ಹೊಲಿದವರಲ್ಲಿ ಐದಾರು. ಹೊಲಿದರೂ ಪೂರ್ತಿಯಾಗಿ ನಿಲ್ಲಲಿಲ್ಲವೆಂಬುದನ್ನು ಗಮನಿಸಬೇಕು. ಲಕ್ಷಣಗಳಾದರೋ ಮೋಸಗೊಳಿಸತಕ್ಕವು. ದಾರಿಯು ಬದಲಾಗಿರುವುದರಿಂದ ಪಿತ್ತದ ವಾಂತಿಯು ಬಾರದೆಯೇ ಇರಬಹುದು. ರಕ್ತಪರೀಕ್ಷೆಯೂ ಸಾಧಾರಣದ ಎಕ್ಸರೇಯೂ ಸರಿಯಾಗಿಯೇ ಕಾಣಬಹುದು. ಸಿ.ಟಿ. ಸ್ಕ್ಯಾನಿನಲ್ಲಿ ಪೊರೆಯ ರಕ್ತನಾಳಗಳು ನೀರಿನ ಸುಳಿಯಂತೆ ಸುತ್ತಿಕೊಂಡಿರುವುದು ಕಂಡರೆ ಸಂಶಯವು ನಿವಾರಣೆಯಾಗುತ್ತದೆ. ಕಾಣದಿದ್ದರೂ ನೋವು ನಿಲ್ಲದಿದ್ದರೆ ಹೊಟ್ಟೆಯೊಳಗೆ ದುರ್ಬೀನನ್ನಿಟ್ಟು ನೋಡಲೇಬೇಕೆಂಬುದು ಬಲ್ಲವರ ಮತ. ಗರ್ಭಿಣಿಯರಲ್ಲಂತೂ ಬಹಳ ಎಚ್ಚರಿಕೆ ಬೇಕು. ಬೆಳೆಯುವ ಗರ್ಭಕೋಶವು ಕರುಳನ್ನು ಮೇಲಕ್ಕೆ ತಳ್ಳುವುದರಿಂದ ಸಂದಿಗೆ ಸಿಕ್ಕುವ ಸಂಭವವು ಹೆಚ್ಚು, ಮತ್ತು ಬಸಿರಿಯ ಹೊಟ್ಟೆನೋವಿಗೆ ಬಸಿರೇ ಕಾರಣವೆಂದು ಮನೆಯವರೆಲ್ಲರೂ ನಂಬಿಕೊಂಡಿರುತ್ತಾರೆ.

ಇದಲ್ಲದೆ, ಹೊಟ್ಟೆಯ ಯಾವ ಶಸ್ತ್ರಕ್ರಿಯೆಯಾದ ಮೇಲೂ ಒಳಗೆ ಗಾಯ ಮಾಯ್ದಲ್ಲಿ ಅಂಟುಗಳು ಬೆಳೆದು ಕರುಳನ್ನು ಬಿಗಿಯುವುದುಂಟು. ಅಮೆರಿಕದ ಪ್ರಖ್ಯಾತ ಗಾಯಕ ಎಲ್ವಿಸ್ ಪ್ರೀಸ್ಲಿಯ ಏಕಮಾತ್ರ ಪುತ್ರಿ ಲೀಸಾ ಮೇರಿಯು 2023ನೆಯ ಇಸವಿ ಜನವರಿ 12ರಂದು, 54ನೆಯ ವಯಸ್ಸಿನಲ್ಲಿ, ಹಠಾತ್ತಾಗಿ ತೀರಿಕೊಂಡಳು. ಆ ದಿನ ಬೆಳಿಗ್ಗೆ ಹೊಟ್ಟೆನೋವೆಂದು ಹೇಳಿದ್ದಳು. ಜುಲೈ ತಿಂಗಳಲ್ಲಿ ಪ್ರಕಟವಾದ ಶವಪರೀಕ್ಷೆಯ ವರದಿಯಲ್ಲಿ, ವರ್ಷಗಳ ಹಿಂದೆ ಆಗಿದ್ದ ಬೊಜ್ಜಿನ ಶಸ್ತ್ರಕ್ರಿಯೆಯ ಅಂಟುಗಳು ಸಣ್ಣಕರುಳನ್ನು ತಡೆದುದೇ ಸಾವಿಗೆ ಕಾರಣವೆಂದು ಹೇಳಿದ್ದರು. ಆಕೆಗೆ ಹಣಕ್ಕೆ ಕೊರತೆಯಿರಲಿಲ್ಲ, ವೈದ್ಯರಿಗೂ ಕೊರತೆಯಿರಲಿಲ್ಲ.

ಮತ್ತೆ ನಮ್ಮ ರಾತ್ರಿಗೆ ಬರೋಣ. 2008ರಿಂದ ನಮ್ಮ ನಾಡಿನಲ್ಲಿರುವ 108ರ ಗಾಡಿಯನ್ನು ಕರೆಯುವುದಕ್ಕೆ ಫೋನು ಸಿಕ್ಕಬೇಕಷ್ಟೆ! ವೈದ್ಯರು ತಮ್ಮ ಕಾರನ್ನೇ ತಂದರು. ಕೊಪ್ಪದವರಿಗೆ ದೊಡ್ಡ ಆಸ್ಪತ್ರೆಯೆಂದರೆ ಎರಡು ದಿಕ್ಕು: ತೀರ್ಥಹಳ್ಳಿಯ ಮೇಲೆ ಶಿವಮೊಗ್ಗೆಗೆ, ಇಲ್ಲವೆ ಆಗುಂಬೆಯ ಘಾಟಿಯನ್ನಿಳಿದು ಉಡುಪಿ ಮಣಿಪಾಲಗಳ ಕಡೆಗೆ. ಈ ಶಸ್ತ್ರಕ್ರಿಯೆಯನ್ನು ಬಲ್ಲ ಶಸ್ತ್ರವೈದ್ಯರೊಬ್ಬರ ಪರಿಚಯವು ಅವರಿಗೆ ಕರಾವಳಿಯಲ್ಲಿ ಇದ್ದುದರಿಂದ ಘಾಟಿಯ ಕಡೆಗೇ ಹೊರಟೆವು. ಹರಿಹರಪುರವನ್ನು ದಾಟಿದ ಮೇಲೆ ಒಂದೆಡೆ ಫೋನು ಸಿಕ್ಕಿ ಅವರು ವಿಷಯವನ್ನು ಮುಂದಾಗಿಯೇ ತಿಳಿಸಿದರು. ಆಗುಂಬೆಯಲ್ಲಿ ಮಂಜು ಎಷ್ಟಿದ್ದಿತೆಂದರೆ ಘಾಟಿಯ ತಿರುವುಗಳಲ್ಲಿ ಕಾರಿನ ಮೂತಿಯೇ ನಮಗೆ ಕಾಣುತ್ತಿರಲಿಲ್ಲ. ಹಿಂದಿನ ಆಸನದಲ್ಲಿ ಹುಡುಗಿಯ ತಲೆಯು ತಾಯಿಯ ತೊಡೆಯ ಮೇಲೆ. ನಮ್ಮ ತಂಗಿಯು ದಾರಿಯುದ್ದಕ್ಕೂ ಒಂದೇ ಒಂದು ಸಲ ಬಾಯಿಬಿಟ್ಟಳು: “ಅಣ್ಣಯ್ಯ, ನಾನು ಇಲ್ಲ ಎಂದುಬಿಟ್ಟೆನಲ್ಲ.” ನಾವು ಆಕೆಗೆ ಏನನ್ನೂ ಹೇಳಲಿಲ್ಲ. ಹೇಳುವ ಅರ್ಹತೆಯಾದರೂ ಎಲ್ಲಿದ್ದಿತು?

ಎಂಟು ಗಂಟೆಗೆ ಸ್ಕ್ಯಾನಾಯಿತು. ಒಂಬತ್ತಕ್ಕೆ ಒಳಗೆ ಕರೆದುಕೊಂಡು ಹೋದರು. ಶಸ್ತ್ರವೈದ್ಯರು ಮಧ್ಯಾಹ್ನ ಹೊರಗೆ ಬಂದು ಹೇಳಿದುದನ್ನು ನಾವು ನಮ್ಮ ಮಾತಿನಲ್ಲಿ ಬರೆಯುತ್ತೇವೆ. ಸಣ್ಣಕರುಳಿನ ಹೆಚ್ಚಿನ ಭಾಗವು ಪೀಟರ್ಸನ್ನನ ಸಂದಿನೊಳಗೆ ಹೋಗಿ ಸುತ್ತಿಕೊಂಡಿದ್ದಿತು. ಬಣ್ಣವು ನೇರಳೆಯ ಹಣ್ಣಿನಂತಾಗಿದ್ದಿತು. ಬಿಡಿಸಿ, ಬೆಚ್ಚನೆಯ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಗಳನ್ನು ಸುತ್ತಿ ಕಾದರು. ನಿಧಾನವಾಗಿ ಬಣ್ಣವು ಕೆಂಪಿಗೆ ತಿರುಗಿತು, ಅಲುಗಾಟವು ಕಾಣಿಸಿತು. ಕತ್ತರಿಸಿ ತೆಗೆಯಬೇಕಾಗಲಿಲ್ಲ. ಸಂದುಗಳನ್ನು ಹೊಲಿದು ಮುಚ್ಚಿದರು. “ಇನ್ನೂ ಕೆಲವು ಗಂಟೆ ತಡವಾಗಿದ್ದರೆ ಕತ್ತರಿಸುವುದಕ್ಕೂ ಅರ್ಥವಿರುತ್ತಿರಲಿಲ್ಲ” ಎಂದರು. ಸುಶ್ರುತನು ಕರುಳು ಕಟ್ಟಿದ ಉದರರೋಗದಲ್ಲಿ ಹೊಟ್ಟೆಯನ್ನು ಸೀಳಿ, ತಡೆಯನ್ನು ತೆಗೆದು, ಕರುಳಿನ ಗಾಯವನ್ನು ಕರಿಯ ಇರುವೆಗಳಿಂದ ಕಚ್ಚಿಸಿ ಕೂಡಿಸುವ ವಿಧಾನವನ್ನು ಹೇಳಿರುವುದನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಹೆಮ್ಮೆಯಿಂದ ಪಾಠಮಾಡಿದ್ದೇವೆ. ಆ ಬೆಂಚಿನ ಮೇಲೆ ಕುಳಿತಿದ್ದ ಮೂರು ಗಂಟೆಗಳಲ್ಲಿ ಅದು ನೆನಪಿಗೆ ಬಾರಲೇ ಇಲ್ಲ.

ಅಲ್ಲಿದ್ದ ಹತ್ತು ದಿನಗಳಲ್ಲಿ ನಾವು ಕೇಳಿ ತಿಳಿದ ಬೇರೆ ಕೆಲವು ಸಂಗತಿಗಳುಂಟು. ಇಂಥ ಶಸ್ತ್ರಕ್ರಿಯೆಯಾದವರು ಮಲೆನಾಡಿನ ಮನೆಗಳಲ್ಲಿಯೂ ಈಗ ಇದ್ದಾರೆಂದು ನಮಗೆ ಬರುವ ಕಾಗದಗಳಿಂದ ಗೊತ್ತಾಗುತ್ತದೆಯಾದುದರಿಂದ ಇಲ್ಲಿ ಬರೆಯುತ್ತೇವೆ.

ಮಂಡಿನೋವು, ಸೊಂಟನೋವುಗಳಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಬ್ರುಫೆನ್ ಮೊದಲಾದ ಗುಳಿಗೆಗಳು ಬೈಪಾಸ್ ಆದವರಿಗೆ ವಿಷಪ್ರಾಯವಾದವು. ಚೀಲಕ್ಕೆ ಕರುಳನ್ನು ಹೊಲಿದ ಜಾಗದಲ್ಲಿ ಅವುಗಳಿಂದ ಹುಣ್ಣಾಗುತ್ತದೆ. ಬೀಡಿ ಸಿಗರೇಟುಗಳಿಂದಲೂ ಆಗುತ್ತದೆ. ಆ ಹುಣ್ಣು ರಕ್ತವನ್ನು ಸುರಿಸಬಹುದು, ತೂತಾಗಬಹುದು. ತೂತಾದರೆ ಚೂರಿಯಿಂದ ಇರಿದಂಥ ನೋವು ಒಮ್ಮೆಲೇ ಬಂದು ಹೊಟ್ಟೆಯು ಹಲಗೆಯಂತಾಗುತ್ತದೆ. ತೋಟದ ಕೆಲಸ ಮಾಡಿ ಬಂದು ರಾತ್ರಿಗೊಂದು ಗುಳಿಗೆ ಎಂಬ ಅಭ್ಯಾಸವು ನಮ್ಮ ಕಡೆ ಕಾಫಿಯಷ್ಟೇ ಸಾಮಾನ್ಯವಾಗಿದೆ.

ಎರಡನೆಯದು ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ಜಾವಾದ್ವೀಪದಲ್ಲಿ ಐಕ್ಮನ್ ಎಂಬ ಡಚ್ಚರ ವೈದ್ಯನು, ಪಾಲಿಷ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡಿರುವ ಅಕ್ಕಿಯನ್ನು ಕೊಟ್ಟರೆ ಏಳುವುದನ್ನೂ ಕಂಡುಹಿಡಿದನಷ್ಟೆ; 1929ರಲ್ಲಿ ಅದಕ್ಕೆ ನೊಬೆಲ್ ಬಹುಮಾನವು ಬಂದಿತು. ಆ ತೌಡಿನಲ್ಲಿದ್ದ ಸತ್ವವೇ ಥಯಮಿನ್, ಬಿ-1 ಜೀವಸತ್ವ. ನಮ್ಮ ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಗಳಿಗೆ ಸಾಲುವಷ್ಟು ಮಾತ್ರ. ಬೊಜ್ಜಿನ ಶಸ್ತ್ರಕ್ರಿಯೆಯಾದವರು ಯಾವ ಕಾರಣದಿಂದಲಾದರೂ ದಿನಗಟ್ಟಲೆ ವಾಂತಿಮಾಡಿದರೆ ಅದು ಬರಿದಾಗುತ್ತದೆ. ಆಗ ಕಣ್ಣಿಗೆ ಒಂದು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಅಸಂಬದ್ಧವಾಗುವುದು ಕಾಣಿಸುತ್ತವೆ. ಒಬ್ಬರಲ್ಲಿ ಮೂರೂ ಕಾಣಬೇಕೆಂಬ ನಿಯಮವಿಲ್ಲ. 1881ರಲ್ಲಿ ಇದನ್ನು ವರ್ಣಿಸಿದ ವರ್ನಿಕೆಯೆಂಬ ಜರ್ಮನ್ ವೈದ್ಯನ ಹೆಸರು ಈ ರೋಗಕ್ಕೆ ಉಂಟು. ತಡಮಾಡಿದರೆ ನೆನಪಿನ ಶಕ್ತಿಯು ಹೋದುದು ಮತ್ತೆ ಬರುವುದಿಲ್ಲ. ನಮ್ಮ ಊರುಗಳಲ್ಲಿ ನಿಶ್ಶಕ್ತಿಯೆಂದರೆ ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬರುವುದು ರೂಢಿ, ರೋಗಿಗಳೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಇಂಥವರಿಗೆ ಥಯಮಿನನ್ನು ಕೊಡದೆ ಬರಿಯ ಗ್ಲೂಕೋಸನ್ನು ಹಾಕಿದರೆ ಉಳಿದ ತೊಟ್ಟು ಥಯಮಿನ್ನೂ ಖರ್ಚಾಗಿ ರೋಗವು ಉಲ್ಬಣಿಸುತ್ತದೆ. ಮೊದಲು ಥಯಮಿನ್, ಅನಂತರ ಗ್ಲೂಕೋಸ್, ಅಥವಾ ಎರಡೂ ಒಟ್ಟಿಗೆ. ಇದಕ್ಕೆ ಬೇಕಾದುದು ಸಣ್ಣ ಬೆಲೆಯ ಒಂದು ಸೂಜಿ; ಆದರೆ ಕೊಡುವವರಿಗೆ ವಿಷಯವು ಗೊತ್ತಿರಬೇಕಷ್ಟೆ. ಏಕಾದಶಿಯ ನಿರಾಹಾರವನ್ನು ಇಂಥವರಿಗೆ ಹೇಳಬಹುದೇ ಎಂದು ಸೋದರಿಯೊಬ್ಬರು ಕೇಳಿದ್ದಾರೆ. ಹೇಳಬಾರದೆಂದು ನಮ್ಮ ಅಭಿಪ್ರಾಯ. ಆತುರರಿಗೆ ನಿಯಮವಿಲ್ಲವೆಂಬುದು ಶಾಸ್ತ್ರಕಾರರಿಗೂ ತಿಳಿದೇ ಇದ್ದಿತು.

ಹೋಳಿಗೆ ಪಾಯಸಗಳ ಊಟವಾದ ಒಂದರಿಂದ ಮೂರು ಗಂಟೆಗಳ ಮೇಲೆ ಬೆವರು ಬಿಟ್ಟು, ಕೈ ನಡುಗಿ, ಕೆಲವರು ಎಚ್ಚರ ತಪ್ಪಿ ಬೀಳುತ್ತಾರೆ. ಸಿಹಿಯು ಕರುಳಿಗೆ ನೇರವಾಗಿ ಇಳಿದು ಇನ್ಸುಲಿನ್ ಅತಿಯಾಗಿ ಸುರಿದು ರಕ್ತದ ಸಕ್ಕರೆಯು ಕುಸಿಯುವುದೇ ಕಾರಣ. ಇದು ಶಸ್ತ್ರಕ್ರಿಯೆಯಾದ ವರ್ಷದ ಮೇಲೆ ಆರಂಭವಾಗುವುದು ವಾಡಿಕೆ. ಸಮಾರಂಭದಲ್ಲಿ ಬಲವಂತ ಮಾಡಿ ಬಡಿಸುವವರು ಕೈಯನ್ನು ಸ್ವಲ್ಪ ಹಿಂದೆಗೆಯಬೇಕು. ಊಟಮಾಡಿ ಘಾಟಿಯಲ್ಲಿ ಕಾರು ನಡೆಸುವವರು ಅದಕ್ಕಿಂತ ಹೆಚ್ಚು ಯೋಚಿಸಬೇಕು. ಬೇಗನೆ ಇಳಿದವರಲ್ಲಿ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು. ಮೂಗಿನಿಂದ ಜಠರಕ್ಕೆ ಕೊಳವೆಯನ್ನಿಳಿಸುವ ಸಾಮಾನ್ಯ ಕೆಲಸವೂ, ಒಳಗಿನ ಜೋಡಣೆಯನ್ನು ತಿಳಿಯದೆ ಮಾಡಿದರೆ, ಅಪಾಯಕರವಾಗಬಹುದೆಂದು ಶಸ್ತ್ರವೈದ್ಯರು ಹೇಳಿದರು.

ಇಷ್ಟನ್ನೆಲ್ಲ ಓದಿದವರು ನಾವು ಈ ಶಸ್ತ್ರಕ್ರಿಯೆಯ ವಿರೋಧಿಗಳಾಗಿದ್ದೇವೆಂದು ತಿಳಿಯಬಹುದು. ಮೊದಲು ಆಗಿದ್ದೆವು, ಈಗ ಅಲ್ಲ. ಆಸ್ಪತ್ರೆಯಲ್ಲಿ ಹುಡುಗಿಯು ತನ್ನ ಮೊದಲಿನ ಸ್ಥಿತಿಯನ್ನು ಹೇಳಿದಳು. 157 ಸೆಂಟಿಮೀಟರ್ ಎತ್ತರಕ್ಕೆ 118 ಕಿಲೋಗ್ರಾಂ ತೂಕ. ಮೂವತ್ತರಲ್ಲಿಯೇ ಸಕ್ಕರೆಯ ರೋಗ, ದಿನಕ್ಕೆರಡು ಸಲ ಇನ್ಸುಲಿನ್. ರಾತ್ರಿ ಉಸಿರು ಕಟ್ಟಿ ಎದ್ದು ಕೂರುವುದು. ಪಥ್ಯವನ್ನು ಆಕೆಯು ಮಾಡಲಿಲ್ಲವೆಂದು ನಾವು ತಿಳಿದಿದ್ದೆವು. ಮಾಡಿದ್ದಳು, ಏಳು ಸಲ. ಏಳು ಸಲವೂ ಇಳಿದುದು ಮತ್ತೆ ಏರಿತು. ಈಗ ಆಕೆಗೆ ಇನ್ಸುಲಿನ್ ಇಲ್ಲ. ಸ್ವೀಡನ್ನಿನಲ್ಲಿಯೇ 1987ರಿಂದ ನಡೆಸಿದ ದೀರ್ಘವಾದ ಪರಿಶೀಲನೆಯಲ್ಲಿ, ಶಸ್ತ್ರಕ್ರಿಯೆ ಮಾಡಿಸಿಕೊಂಡ ಸ್ಥೂಲರಲ್ಲಿ ಮರಣವು ಮಾಡಿಸಿಕೊಳ್ಳದವರಿಗಿಂತ ಕಡಿಮೆಯೆಂದು 2007ರಲ್ಲಿ ಕಂಡುಬಂದಿತು. ಚರಕನೂ ಅತಿಸ್ಥೂಲನಿಗಿಂತ ಅತಿಕೃಶನೇ ಮೇಲು, ಸ್ಥೂಲನ ಚಿಕಿತ್ಸೆಯು ಬಹಳ ಕಷ್ಟವೆಂದೇ ಹೇಳಿದ್ದಾನೆ. ಕಷ್ಟವೆಂಬ ಆ ಮಾತನ್ನು ನಾವು ನಲವತ್ತು ವರ್ಷ ಓದಿದ್ದೆವು, ಅದನ್ನು ಬಿಟ್ಟು ನಿಂದಿತವೆಂಬುದನ್ನು ಮಾತ್ರ ಹಿಡಿದುಕೊಂಡಿದ್ದೆವು.

ಹುರುಳಿಯ ವಿಷಯಕ್ಕೆ ನಮಗೆ ಕಾಗದ ಬರೆದ ಸೋದರಿಯರಿಗೆಲ್ಲ ನಾವು ಬೇರೆ ಬೇರೆಯಾಗಿ ಬರೆದಿದ್ದೇವೆ. ವಿಳಾಸ ಸಿಕ್ಕದವರು ಇದನ್ನೇ ಉತ್ತರವೆಂದು ತಿಳಿಯಬೇಕು. ಹುರುಳಿಯ ಸಾರು ಒಳ್ಳೆಯದೇ. ಅದರಿಂದ 40 ಕಿಲೋಗ್ರಾಂ ಇಳಿದವರನ್ನು ನಾವು ಕಂಡಿಲ್ಲ.

ಹುಡುಗಿಯ ಕೈಚೀಲದಲ್ಲಿ ಈಗ ಒಂದು ಚೀಟಿಯುಂಟು. ಅದನ್ನು ಬರೆದುಕೊಟ್ಟವರು ನಾವು. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಇಂಗ್ಲಿಷು: ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ, ಆದ ವರ್ಷ ಇಂಥದು, ಸಂದುಗಳನ್ನು ಹೊಲಿದಿದೆ, ನೋವಿನ ಗುಳಿಗೆಗಳಲ್ಲಿ ಇಂಥವನ್ನು ಕೊಡಬಾರದು, ಗ್ಲೂಕೋಸಿಗೆ ಮೊದಲು ಥಯಮಿನ್, ಹೊಟ್ಟೆನೋವಿಗೆ ಸಿ.ಟಿ. ಸ್ಕ್ಯಾನು, ಶಸ್ತ್ರವೈದ್ಯರ ಫೋನಿನ ಸಂಖ್ಯೆ. ಅದರ ಒಂದು ಪ್ರತಿಯು ಅಳಿಯನ ಹತ್ತಿರ, ಒಂದು ನಮ್ಮ ದೇವರ ಮನೆಯ ಗೂಡಿನಲ್ಲಿ ಪಂಚಾಂಗದ ಜೊತೆಗೆ.

ದೀಪಾವಳಿಗೆ ತಾಯಿ ಮಗಳಿಬ್ಬರೂ ಬಂದಿದ್ದರು. ಮೂರು ತಿಂಗಳಿಗೊಂದು ಸಲ ಹಾಕಿಸಿಕೊಳ್ಳಬೇಕಾದ ಬಿ-12ರ ಸೂಜಿಗಾಗಿ ಅವರನ್ನು ಕರೆದುಕೊಂಡು ನಾವು ಹೋದೆವು. ಹೊರಗಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಕಾದಿದ್ದರು. ಅರ್ಧ ಜನ ಗುರುತಿನವರೇ. ದಾದಿಯು ಚೀಟಿಯನ್ನು ತುಂಬುತ್ತ, “ಹಿಂದೆ ಆಪರೇಷನ್ ಏನಾದರೂ?” ಎಂದು ಕೇಳಿದಳು. ಹುಡುಗಿಯು ಬಾಯಿ ತೆರೆಯುವುದರೊಳಗೆ ನಮ್ಮ ತಂಗಿಯು, ಹೊರಗಿನ ಬೆಂಚಿನ ಕೊನೆಯವರೆಗೂ ಕೇಳುವಂತೆ, “ಆಗಿದೆ ಕಣಮ್ಮ, ಎರಡು. ಬರಕೊಳ್ಳಿ” ಎಂದಳು.